ಕೈಪಿಡಿಯಲ್ಲಿ ಇಲ್ಲದ್ದನ್ನೂ ನಕಲು ಮಾಡಬೇಕಿತ್ತು: ಮರೆತುಹೋದ ಎಕ್ಸ್86 ಚಿಪ್‌ಗಳ ಕಥೆ

(ಇದು ಒಂದು ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಪರದೆಯ ಮೇಲೆ ತೋರಿಸಿದ ಚಿತ್ರಗಳ ಬದಲು ಅಲ್ಲಲ್ಲಿ ಒಂದೆರಡು ವಾಕ್ಯ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಪಿಸಿಯೊಳಗಿನ ಪ್ರೊಸೆಸರ್ ಅಂದ ಕೂಡಲೇ ಎರಡು ಹೆಸರು ನೆನಪಿಗೆ ಬರುತ್ತವೆ. ಇಂಟೆಲ್, ಎಎಂಡಿ. ಇವತ್ತು ಆ ಎರಡನ್ನೂ ಆದಷ್ಟು ಪಕ್ಕಕ್ಕಿಟ್ಟು ಉಳಿದವರ ವಿಷಯ ಮಾತಾಡೋಣ ಅಂದುಕೊಂಡಿದ್ದೇನೆ. ಎನ್‌ಇಸಿ, ಸೈರಿಕ್ಸ್, ನೆಕ್ಸ್‌ಜೆನ್, ಯುಎಂಸಿ, ಸೆಂಟಾರ್, ರೈಸ್. ಇವರೆಲ್ಲ ಇಂಟೆಲ್ ಚಿಪ್ ಜಾಗದಲ್ಲಿ ಕೂತು ಅದೇ ಪ್ರೋಗ್ರಾಂಗಳನ್ನು ಓಡಿಸುವ ಚಿಪ್ ಮಾಡಿದವರು. ಇಂಟೆಲ್‌ನ 8086ರಿಂದ ಶುರುವಾದ ಈ ಚಿಪ್ ಕುಟುಂಬಕ್ಕೇ ಎಕ್ಸ್86 ಅಂತ ಹೆಸರು. ಮಾಡಿದ್ದು ಚೆನ್ನಾಗಿಯೇ ಇತ್ತು, ಎಷ್ಟೋ ಸಲ ಇಂಟೆಲ್‌ಗಿಂತ ಚೆನ್ನಾಗಿತ್ತು. ಆದರೂ ಉಳಿಯಲಿಲ್ಲ. ಯಾಕೆ ಅಂತ ಕೇಳಿದರೆ ದುಡ್ಡು, ಕಾರ್ಖಾನೆ, ಕೋರ್ಟು ಅಂತ ಸಾಮಾನ್ಯವಾಗಿ ಉತ್ತರ ಬರುತ್ತದೆ. ಅದೆಲ್ಲ ನಿಜವೇ. ಆದರೆ ನನ್ನ ಪ್ರಕಾರ ಇನ್ನೊಂದು ಕಾರಣ ಇದೆ, ಅದು ಚಿಪ್ಪಿನ ಒಳಗೇ ಇದೆ. ಇಂಟೆಲ್ ಕೈಪಿಡಿಯಲ್ಲಿ ಬರೆದಿದ್ದನ್ನು ಇವರು ಸರಿಯಾಗಿ ಮಾಡಿದರು. ಆದರೆ ಪ್ರೋಗ್ರಾಂ ಬರೆಯುವವರು ಬರೀ ಕೈಪಿಡಿ ನೋಡಿ ಬರೆಯುತ್ತಿರಲಿಲ್ಲ, ಇಂಟೆಲ್ ಚಿಪ್ಪಿನ ಅಭ್ಯಾಸ ನೋಡಿಕೊಂಡು ಬರೆಯುತ್ತಿದ್ದರು.

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳೋಣ. ಇನ್ನೊಬ್ಬರ ಚಿಪ್ ಥರದ ಚಿಪ್ ಮಾಡೋದರಲ್ಲಿ ಎರಡು ದಾರಿ ಇವೆ. ಒಂದು, ಮೂಲ ಚಿಪ್ಪಿನ ಪದರಗಳನ್ನು ಬಿಡಿಸಿ, ಫೋಟೋ ತೆಗೆದು, ಟ್ರಾನ್ಸಿಸ್ಟರ್‌ಗೆ ಟ್ರಾನ್ಸಿಸ್ಟರ್ ನಕಲು ಮಾಡುವುದು. ಸೋವಿಯತ್ ಒಕ್ಕೂಟದಲ್ಲಿ ಇಂಟೆಲ್‌ನ 8080, 8086ರ ತದ್ರೂಪಿ ಚಿಪ್‌ಗಳಿದ್ದವು, ಪೂರ್ವ ಜರ್ಮನಿಯಲ್ಲಿ ಝಡ್80 ಅನ್ನೋ ಇನ್ನೊಂದು ಪ್ರೊಸೆಸರ್‌ನ ತದ್ರೂಪು ಯು880 ಇತ್ತು. ಹೀಗೆ ನಕಲು ಮಾಡುವವರಿಗೆ ಅಂತಲೇ ಝಡ್80 ವಿನ್ಯಾಸ ಮಾಡಿದ ಮಸಾತೋಶಿ ಶಿಮಾ ಒಳಗೆ ಆರು ಬೋನು ಇಟ್ಟಿದ್ದರಂತೆ. ಫೋಟೋದಲ್ಲಿ ಮಾಮೂಲಿ ಟ್ರಾನ್ಸಿಸ್ಟರ್ ಥರ ಕಾಣುತ್ತವೆ, ಕೆಲಸ ಮಾಡೋದು ಮಾತ್ರ ಬೇರೆ ಥರ. ಫೋಟೋ ನಂಬಿಕೊಂಡವನಿಗೆ ಚಿಪ್ ಕೈಕೊಡುತ್ತದೆ. ಇದರಿಂದ ತಮ್ಮ ಕೆಲಸ ಆರು ತಿಂಗಳು ಹಿಂದೆ ಬಿತ್ತು ಅಂತ ಎನ್‌ಇಸಿಯ ಎಂಜಿನಿಯರ್ ಒಬ್ಬರು ಆಮೇಲೆ ತಮಗೇ ಹೇಳಿದರು ಅಂತ ಶಿಮಾ ನೆನಪಿಸಿಕೊಂಡಿದ್ದಾರೆ.

ಎರಡನೇ ದಾರಿ ಹೊರಗಿನ ನಡವಳಿಕೆ ಅದೇ, ಒಳಗಿನ ಯಂತ್ರ ಪೂರ್ತಿ ಹೊಸದು. ಇವತ್ತಿನ ಕಥೆ ಇವರದು.

1981ರಲ್ಲಿ ಐಬಿಎಂ ಪಿಸಿ ಬಂದಾಗ ಅದರಲ್ಲಿದ್ದದ್ದು 4.77 ಮೆಗಾಹರ್ಟ್ಸ್‌ನ 8088. ಒಂದೇ ಕಂಪನಿಯನ್ನು ನಂಬಿಕೊಂಡು ಕೂರೋದು ಆಗ ಯಾರಿಗೂ ಇಷ್ಟ ಇರಲಿಲ್ಲ, ಹಾಗಾಗಿ ಇಂಟೆಲ್ ಬೇರೆಯವರಿಗೂ ಪರವಾನಗಿ ಕೊಟ್ಟು ಚಿಪ್ ಮಾಡಿಸುತ್ತಿತ್ತು. ಎನ್‌ಇಸಿ ಅಂಥವರಲ್ಲಿ ಒಂದು. ಅವರು ಸುಮ್ನೆ ಇಂಟೆಲ್ ಕೊಟ್ಟಿದ್ದನ್ನು ಅಚ್ಚು ಹಾಕುತ್ತಾ ಕೂರಲಿಲ್ಲ. 1984ರ ಹೊತ್ತಿಗೆ ವಿ20, ವಿ30 ಅಂತ ಎರಡು ಚಿಪ್ ತಂದರು. ವಿ20 ನೇರವಾಗಿ 8088ರ ಸಾಕೆಟ್‌ನಲ್ಲಿ ಕೂರುತ್ತಿತ್ತು. ಹಳೆಯದನ್ನು ಎಬ್ಬಿಸಿ, 40 ಪಿನ್ ಸರಿಯಾಗಿ ನೋಡಿಕೊಂಡು ಹೊಸದನ್ನು ಒತ್ತಿದರೆ ಮುಗೀತು, ಪಿಸಿ ಸ್ವಲ್ಪ ಚುರುಕಾಗುತ್ತಿತ್ತು.

ಹೇಗೆ ಚುರುಕು ಅನ್ನೋದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. 8088ರಲ್ಲಿ ಸುಮಾರು 29,000 ಟ್ರಾನ್ಸಿಸ್ಟರ್, ವಿ20ಯಲ್ಲಿ 63,000. ಮೆಮೊರಿಯ ವಿಳಾಸ ಲೆಕ್ಕ ಹಾಕೋಕೆ 8088 ತನ್ನ ಮಾಮೂಲಿ ಕೂಡುವ ಯಂತ್ರವನ್ನೇ ಬಳಸುತ್ತಿತ್ತು. ವಿಳಾಸ ಎಷ್ಟು ಜಟಿಲವೋ ಅಷ್ಟು ತಡ, ಕೆಲವು ಸಲ ಚಿಪ್ಪಿನ ಗಡಿಯಾರದ 12 ಬಡಿತದವರೆಗೂ (ಚಿಪ್ ಹೆಜ್ಜೆ ಹಾಕೋದು ಈ ಬಡಿತಕ್ಕೆ). ವಿ20ಗೆ ವಿಳಾಸದ ಲೆಕ್ಕಕ್ಕೇ ಬೇರೆ ಸರ್ಕ್ಯೂಟ್ ಇತ್ತು, ಎರಡು ಬಡಿತದಲ್ಲಿ ಮುಗಿಸುತ್ತಿತ್ತು. 16 ಬಿಟ್ ಗುಣಾಕಾರಕ್ಕೆ 8088 ತೆಗೆದುಕೊಳ್ಳುತ್ತಿದ್ದದ್ದು 118ರಿಂದ 133 ಬಡಿತ, ವಿ20ಗೆ ಸುಮಾರು 30 ಸಾಕು. ಇದರ ಜೊತೆಗೆ ಇನ್ನೊಂದು ವಿಚಿತ್ರ ಶಕ್ತಿ ಇತ್ತು. ಒಂದು ಸೂಚನೆ ಕೊಟ್ಟರೆ ವಿ20 ಹಳೆಯ 8080 ಆಗಿಬಿಡುತ್ತಿತ್ತು, 8080 ಕಾಲದ ಆಪರೇಟಿಂಗ್ ಸಿಸ್ಟಂ ಸಿಪಿ/ಎಂಗೆ ಬರೆದ ಪ್ರೋಗ್ರಾಂಗಳು ಪಿಸಿಯಲ್ಲೇ ಓಡುತ್ತಿದ್ದವು. ಇಂಟೆಲ್ ಸ್ವತಃ ಯೋಚನೆ ಮಾಡದ ಸೌಲಭ್ಯ ಇದು, ನನಗೆ ಬಹಳ ಇಷ್ಟ.

ಆದರೆ ವೇಗವೇ ಒಂದು ತಲೆನೋವು ಕೂಡ. ಆಗಿನ ಕೆಲವು ಆಟಗಳು ಸಮಯ ಅಳೆಯೋಕೆ ಗಡಿಯಾರ ನೋಡುತ್ತಿರಲಿಲ್ಲ, ಸುಮ್ನೆ ಒಂದು ಲೂಪ್ ಸುತ್ತುತ್ತಿದ್ದವು, ಚಿಪ್ಪಿನ ವೇಗ 4.77 ಅಂತ ನಂಬಿಕೊಂಡು. ಚಿಪ್ ಬೇಗ ಮುಗಿಸಿದರೆ ಆಟವೂ ಓಟ ಕೀಳುತ್ತಿತ್ತು.

ಇನ್ನೊಂದು ಉದಾಹರಣೆ ಇದೆ, ಸಣ್ಣದು, ಆದರೆ ನನ್ನ ಇಡೀ ಮಾತಿಗೆ ಇದೇ ಬೀಜ. ಎಎಡಿ ಅಂತ ಒಂದು ಸೂಚನೆ. ಎರಡು ದಶಮಾನ ಅಂಕೆ ಕೊಟ್ಟರೆ ಸೇರಿಸಿ ಒಂದು ಸಂಖ್ಯೆ ಮಾಡುತ್ತದೆ. 7 ಮತ್ತು 5 ಕೊಟ್ಟರೆ 7ನ್ನು 10ರಿಂದ ಗುಣಿಸಿ 5 ಕೂಡಿಸಿ 75. ಮೆಮೊರಿಯಲ್ಲಿ ಈ ಸೂಚನೆ ಎರಡು ಬೈಟ್. ಎರಡನೇ ಬೈಟ್‌ನಲ್ಲಿ ಯಾವಾಗಲೂ 10 ಇರುತ್ತದೆ. ಅದು ಯಾಕಿದೆ ಅಂತ ಆಗಿನ ಕೈಪಿಡಿ ಹೇಳುತ್ತಿರಲಿಲ್ಲ. ಯಾರೋ ಕುತೂಹಲಕ್ಕೆ ಅದನ್ನು 16 ಮಾಡಿ ನೋಡಿದರು. ಇಂಟೆಲ್ ಚಿಪ್ 7ನ್ನು 16ರಿಂದ ಗುಣಿಸಿ 5 ಕೂಡಿಸಿ 117 ಅಂತ ಉತ್ತರ ಕೊಟ್ಟಿತು! ಅಂದರೆ ಆ ಬೈಟನ್ನು ಅದು ನಿಜವಾಗಿಯೂ ಓದಿ ಗುಣಿಸುತ್ತಿತ್ತು. ವಿ20 ಮಾತ್ರ ಏನೇ ಬರೆದರೂ 75 ಅಂತಲೇ ಹೇಳುತ್ತದೆ. ಕೈಪಿಡಿ ಪ್ರಕಾರ ವಿ20ದು ತಪ್ಪಲ್ಲ. ಆದರೆ ಈ ಗುಟ್ಟು ಗೊತ್ತಿದ್ದು ಬಳಸಿಕೊಂಡ ಪ್ರೋಗ್ರಾಂಗೆ ವಿ20 ತಪ್ಪು ಉತ್ತರ ಕೊಡುವ ಚಿಪ್. ಒಳಗಿರುವುದು ವಿ20 ಹೌದೋ ಅಲ್ಲವೋ ಅಂತ ಕಂಡುಹಿಡಿಯೋಕೂ ಇದೇ ಪರೀಕ್ಷೆ ಬಳಕೆಗೆ ಬಂತು.

ಕೋರ್ಟಿನ ಕಥೆಯನ್ನು ಬೇಗ ಮುಗಿಸುತ್ತೇನೆ. ವಿ20, ವಿ30ಯ ಮೈಕ್ರೋಕೋಡ್ (ಪ್ರತಿ ಸೂಚನೆಯನ್ನು ಹೇಗೆ ನಡೆಸಬೇಕು ಅಂತ ಚಿಪ್ಪಿನ ಒಳಗೇ ಬರೆದಿಟ್ಟ ಸಣ್ಣ ಪ್ರೋಗ್ರಾಂ) ನಮ್ಮದನ್ನು ಕದ್ದಿದ್ದು ಅಂತ ಇಂಟೆಲ್, ಅಲ್ಲ ಅಂತ ಎನ್‌ಇಸಿ. 1984ರ ಕೊನೆಯಲ್ಲಿ ಶುರುವಾದ ಜಗಳ. 1986ರಲ್ಲಿ ಒಂದು ತೀರ್ಪು ಬಂದು ರದ್ದಾಯಿತು, ಯಾಕೆಂದರೆ ನ್ಯಾಯಾಧೀಶರು ಸದಸ್ಯರಾಗಿದ್ದ ಹೂಡಿಕೆ ಕ್ಲಬ್ಬಿನ ಬಳಿ ಇಂಟೆಲ್ ಷೇರು ಇತ್ತು, ಅವರ ಪಾಲು ನೂರು ಡಾಲರ್ ಕೂಡ ಇರಲಿಲ್ಲ ಅನ್ನೋದು ಬೇರೆ ಮಾತು. ಕೊನೆಗೆ 1989ರಲ್ಲಿ ಇನ್ನೊಬ್ಬ ನ್ಯಾಯಾಧೀಶರು ಹೇಳಿದ್ದು ಇಷ್ಟು: ಮೈಕ್ರೋಕೋಡ್‌ಗೆ ಕಾಪಿರೈಟ್ ಇದೆ, ಆದರೆ ಎನ್‌ಇಸಿ ಕದ್ದಿಲ್ಲ. ಇಂಟೆಲ್ ಪರವಾನಗಿ ಕೊಟ್ಟು ಮಾಡಿಸಿದ ಎಷ್ಟೋ ಚಿಪ್‌ಗಳ ಮೇಲೆ ಕಾಪಿರೈಟ್ ಗುರುತೇ ಇರಲಿಲ್ಲ, ಹಾಗಾಗಿ ಆ ಹಕ್ಕನ್ನೂ ಅದು ಕಳೆದುಕೊಂಡಿದೆ. ಎನ್‌ಇಸಿ ಪರವಾಗಿ ನಿಂತ ಒಂದು ಸಾಕ್ಷ್ಯ ಸೊಗಸಾಗಿತ್ತು. ಹೊರಗಿನ ಒಬ್ಬ ಎಂಜಿನಿಯರ್‌ಗೆ ಇಂಟೆಲ್ ಕೋಡ್ ತೋರಿಸದೆ ಬರೀ ವಿವರಣೆ ಕೊಟ್ಟು ಮೈಕ್ರೋಕೋಡ್ ಬರೆಸಿದ್ದರು. ಅವರು ಬರೆದದ್ದೂ ಬಹಳ ಕಡೆ ಅದೇ ಥರ ಇತ್ತು. ಕೆಲಸ ಅದೇ, ಯಂತ್ರ ಅದೇ ಥರದ್ದು ಅಂದಮೇಲೆ ಬರೆಯುವುದಕ್ಕೆ ಬೇರೆ ದಾರಿ ಜಾಸ್ತಿ ಇರಲ್ಲ ಅಲ್ವಾ.

ತೀರ್ಪು ಬರುವ ಹೊತ್ತಿಗೆ 8088ರ ಕಾಲವೇ ಮುಗಿದಿತ್ತು. 1985ರ 386 ಚಿಪ್ಪನ್ನು ಇಂಟೆಲ್, ಐಬಿಎಂ ಒಂದನ್ನು ಬಿಟ್ಟು, ಬೇರೆಯವರಿಗೆ ಬಿಟ್ಟುಕೊಡಲಿಲ್ಲ. ಎಎಂಡಿಯ 40 ಮೆಗಾಹರ್ಟ್ಸ್ 386 ಬಂದಿದ್ದು 1991ರಲ್ಲಿ. ಆ ಕಥೆ ಬಹಳ ಜನರಿಗೆ ಗೊತ್ತು, ಬಿಡೋಣ. ಅದೇ ವರ್ಷ ಚಿಪ್ಸ್ ಆಂಡ್ ಟೆಕ್ನಾಲಜೀಸ್ ಕಂಪನಿಯೂ ಸೂಪರ್386 ತಂದಿತು, ಯಾರೂ ಕೊಳ್ಳಲಿಲ್ಲ ಅನ್ನಬಹುದು.

ಸೈರಿಕ್ಸ್ ವಿಷಯಕ್ಕೆ ಬರೋಣ. 1988ರಲ್ಲಿ ಟೆಕ್ಸಾಸ್‌ನ ರಿಚರ್ಡ್‌ಸನ್‌ನಲ್ಲಿ ಶುರುವಾದ ಕಂಪನಿ. ಸ್ವಂತ ಕಾರ್ಖಾನೆ ಇಲ್ಲ. ಮೊದಲು ಮಾಡಿದ್ದು 386ರ ಪಕ್ಕದಲ್ಲಿ ಕೂರುವ ಗಣಿತದ ಚಿಪ್, ಫಾಸ್ಟ್‌ಮ್ಯಾತ್ ಅಂತ. ಇಂಟೆಲ್‌ನದ್ದಕ್ಕಿಂತ ವೇಗ. 1992ರಲ್ಲಿ 486ಡಿಎಲ್‌ಸಿ ತಂದರು. ಇದು 386ರ ನಂತರ ಬಂದ ಇಂಟೆಲ್ 486ರ ಸೂಚನೆಗಳನ್ನು ಓಡಿಸುತ್ತಿತ್ತು, ಆದರೆ ಕೂರುತ್ತಿದ್ದದ್ದು 386ರ ಸಾಕೆಟ್‌ನಲ್ಲಿ. ಹಳೆ ಬೋರ್ಡ್ ಇಟ್ಟುಕೊಂಡೇ ಚಿಪ್ ಬದಲಿಸಬಹುದಿತ್ತು. ಒಳಗೆ 1 ಕಿಲೋಬೈಟ್ ಕ್ಯಾಶ್, ಅಂದರೆ ಮೆಮೊರಿಯಲ್ಲಿರುವುದರ ಪ್ರತಿಯನ್ನು ಹತ್ತಿರದಲ್ಲೇ ಇಟ್ಟುಕೊಳ್ಳುವ ಸಣ್ಣ, ವೇಗದ ಜಾಗ. ಇಂಟೆಲ್‌ನ 486ರಲ್ಲಿ 8 ಇತ್ತು.

ಆ ಒಂದು ಕಿಲೋಬೈಟೇ ಒಂದು ದೊಡ್ಡ ಫಜೀತಿ ತಂದಿತು. 386ಗೆ ಒಳಗೆ ಕ್ಯಾಶೇ ಇರಲಿಲ್ಲ. ಹಾಗಾಗಿ 386ರ ಬೋರ್ಡ್‌ಗೆ ಪ್ರೊಸೆಸರ್‌ಗೆ ಒಂದು ಮಾತು ಹೇಳಬೇಕು ಅನ್ನೋದೇ ಗೊತ್ತಿರಲಿಲ್ಲ: ಡಿಸ್ಕ್ ಅಥವಾ ಫ್ಲಾಪಿ ನೇರವಾಗಿ ಮೆಮೊರಿಗೆ ಬರೆದಿದೆ, ನಿನ್ನ ಹತ್ತಿರ ಇರೋ ಪ್ರತಿ ಹಳೆಯದಾಯಿತು ಅಂತ. ಹೇಳೋಕೆ ತಂತಿಯೇ ಇಲ್ಲ. ಕ್ಯಾಶ್ ಆನ್ ಮಾಡಿದರೆ ಹಳೇ ಡೇಟಾ ಓದಿ ಎಡವಟ್ಟು, ಆಫ್ ಮಾಡಿದರೆ ವೇಗ ಹೋಯಿತು. ಸೈರಿಕ್ಸ್ ಒಂದು ಉಪಾಯ ಮಾಡಿತು. ಬೇರೆ ಯಾರಾದರೂ ಬಸ್ (ಮೆಮೊರಿಗೆ ಹೋಗುವ ತಂತಿಗಳ ದಾರಿ) ಬೇಕು ಅಂತ ಕೇಳಿದಾಗಲೆಲ್ಲ ಕ್ಯಾಶನ್ನು ಪೂರ್ತಿ ಖಾಲಿ ಮಾಡಿಬಿಡುವುದು. ಸರಿ, ಆದರೆ ಎಷ್ಟೋ ಬೋರ್ಡ್‌ಗಳು ಮೆಮೊರಿ ತನ್ನಲ್ಲಿರೋದನ್ನು ಮರೆಯದ ಹಾಗೆ ಅದನ್ನು ರಿಫ್ರೆಶ್ ಮಾಡೋಕೂ ಹಾಗೇ ಬಸ್ ಕೇಳುತ್ತಿದ್ದವು, ಸುಮಾರು 15 ಮೈಕ್ರೋಸೆಕೆಂಡಿಗೊಮ್ಮೆ. ಕ್ಯಾಶ್ ತುಂಬುವುದರೊಳಗೆ ಮತ್ತೆ ಖಾಲಿ. ಪಿನ್ ಎಲ್ಲ ಸರಿಯಾಗಿ ಕೂತಿದೆ, ಸೂಚನೆ ಎಲ್ಲ ಸರಿ ಇದೆ, ಆದರೂ ಬೋರ್ಡ್‌ಗೆ ಇದು 386 ಅಲ್ಲ ಅನ್ನೋದು ಗೊತ್ತಿಲ್ಲದೆ ಹೀಗಾಯಿತು.

ಸೈರಿಕ್ಸ್ ಚಿಪ್ಪನ್ನು ಗುರುತಿಸುವ ವಿಧಾನವೂ ಮಜವಾಗಿದೆ. 5ನ್ನು 2ರಿಂದ ಭಾಗಿಸಿ. ಉತ್ತರ ನೋಡಬೇಡಿ, ಭಾಗಾಕಾರ ಆದಮೇಲೆ ಫ್ಲ್ಯಾಗ್‌ಗಳು (ಲೆಕ್ಕದ ಫಲ ಹೇಗಿತ್ತು ಅಂತ ಚಿಪ್ ಇಟ್ಟುಕೊಳ್ಳುವ ಗುರುತುಗಳು) ಏನಾದವು ನೋಡಿ. ಈ ಫ್ಲ್ಯಾಗ್‌ಗಳ ಬಗ್ಗೆ ಇಂಟೆಲ್ ಕೈಪಿಡಿ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ‘ಇಂತಿಷ್ಟೇ ಅಂತ ಹೇಳಲಾಗದು’ ಅನ್ನುತ್ತದೆ. ಇಂಟೆಲ್ ಚಿಪ್‌ನಲ್ಲಿ ಅವು ಬದಲಾಗುತ್ತವೆ, ಸೈರಿಕ್ಸ್‌ನಲ್ಲಿ ಇದ್ದ ಹಾಗೇ ಇರುತ್ತವೆ. ಈ ಪರೀಕ್ಷೆಯನ್ನು ಸೈರಿಕ್ಸ್ ತಾನೇ ಬರೆದುಕೊಟ್ಟಿತ್ತು.

ಯುಎಂಸಿ ತೈವಾನ್‌ನ ಕಂಪನಿ. 1994ರ ಹೊತ್ತಿಗೆ ಅವರ 486, ಯು5ಎಸ್, ಅದೇ ಮೆಗಾಹರ್ಟ್ಸ್‌ನಲ್ಲಿ ಇಂಟೆಲ್‌ನದ್ದಕ್ಕಿಂತ ಚುರುಕಾಗಿತ್ತು. ಅಮೆರಿಕದಲ್ಲಿ ಮಾರುವಂತಿಲ್ಲ, ತರುವಂತಿಲ್ಲ ಅಂತ ಚಿಪ್ಪಿನ ಮೇಲೆಯೇ ಇಂಗ್ಲಿಷ್‌ನಲ್ಲಿ ಅಚ್ಚು ಹಾಕಿದ್ದರು. ಐಬಿಎಂಗೆ ಇಂಟೆಲ್ ಪರವಾನಗಿ ಇತ್ತು, ಬ್ಲೂ ಲೈಟ್ನಿಂಗ್ ಅಂತ ಒಳ್ಳೆ ಚಿಪ್ ಮಾಡಿತು, ಆದರೆ ಬಿಡಿ ಚಿಪ್ ಮಾರುವಂತಿರಲಿಲ್ಲ, ಬೋರ್ಡ್ ಜೊತೆಗೇ ಕೊಡಬೇಕಿತ್ತು. ನೆಕ್ಸ್‌ಜೆನ್ ದಾರಿ ಇವರೆಲ್ಲರಿಗಿಂತ ಬೇರೆ. 1994ರ ಅವರ ಎನ್‌ಎಕ್ಸ್586 ಎಕ್ಸ್86 ಸೂಚನೆಗಳನ್ನು ಒಳಗೆ ಸಣ್ಣ ಸರಳ ಸೂಚನೆಗಳಾಗಿ ಒಡೆದು ಓಡಿಸುತ್ತಿತ್ತು. ಇವತ್ತು ಎಲ್ಲರೂ ಮಾಡೋದು ಅದನ್ನೇ. ಆದರೆ 486ರ ನಂತರ ಬಂದ ಇಂಟೆಲ್ ಚಿಪ್ ಪೆಂಟಿಯಂನ ಸಾಕೆಟ್‌ನಲ್ಲಿ ಅದು ಕೂರುತ್ತಿರಲಿಲ್ಲ, ಅದರದ್ದೇ ಬೋರ್ಡ್ ಬೇಕಿತ್ತು, ದಶಾಂಶ ಲೆಕ್ಕಕ್ಕೆ ಬೇರೆ ಚಿಪ್ ಬೇಕಿತ್ತು. ಎಎಂಡಿ ಆ ಕಂಪನಿಯನ್ನೇ ಕೊಂಡು, ಅದರ ಮುಂದಿನ ವಿನ್ಯಾಸವನ್ನು ಪೆಂಟಿಯಂ ಸಾಕೆಟ್‌ಗೆ ಹೊಂದಿಸಿ 1997ರಲ್ಲಿ ಕೆ6 ಅಂತ ಮಾರಿತು. ಗೆದ್ದಿತು ಕೂಡ.

ಈಗ ಸೈರಿಕ್ಸ್‌ನ ದೊಡ್ಡ ಕಥೆ, 6ಎಕ್ಸ್86. 1995ರ ಕೊನೆಯ ಚಿಪ್. 133 ಮೆಗಾಹರ್ಟ್ಸ್‌ನಲ್ಲಿ ಓಡಿ 166ರ ಪೆಂಟಿಯಂಗೆ ಸಮ ಅಂತ ಹೇಳಿಕೊಂಡಿತು, ಪಿ166+ ಅಂತ ಹೆಸರು. ಸುಳ್ಳೇನಲ್ಲ. ಆಫೀಸ್ ಪ್ರೋಗ್ರಾಂಗಳಲ್ಲಿ ಅಳೆದಾಗ ಹಾಗೇ ಬರುತ್ತಿತ್ತು, ಯಾಕೆಂದರೆ ಪೂರ್ಣಾಂಕದ ಕೆಲಸದಲ್ಲಿ ಇದು ನಿಜಕ್ಕೂ ಪೆಂಟಿಯಂಗಿಂತ ಜಾಣ. ಸೂಚನೆಗಳ ಸರದಿ ತಪ್ಪಿಸಿ ಮುಗಿಸುವುದು, ರಿಜಿಸ್ಟರ್‌ಗಳ (ಚಿಪ್ಪಿನೊಳಗೆ ಸಂಖ್ಯೆ ಇಡುವ ಖಾನೆಗಳ) ಹೆಸರು ಬದಲಿಸಿಕೊಳ್ಳುವುದು, ಇದೆಲ್ಲ ಪೆಂಟಿಯಂನಲ್ಲಿ ಇರಲಿಲ್ಲ. ಬಿಸಿ ಮಾತ್ರ ಜಾಸ್ತಿ ಆಗುತ್ತಿತ್ತು.

1996ರ ಜೂನ್‌ನಲ್ಲಿ ಕ್ವೇಕ್ ಬಂತು. ಮೂರು ಆಯಾಮದ ಆಟ. ಅದರ ಒಳಗಿನ ಮುಖ್ಯ ಲೂಪ್‌ಗಳನ್ನು ಪೆಂಟಿಯಂ ಮುಂದಿಟ್ಟುಕೊಂಡು, ಬಡಿತ ಎಣಿಸಿ, ಕೈಯಾರೆ ಅಸೆಂಬ್ಲಿಯಲ್ಲಿ, ಅಂದರೆ ಚಿಪ್ಪಿನ ಸೂಚನೆಗಳಲ್ಲೇ, ಬರೆದಿದ್ದರು. ಪೆಂಟಿಯಂನ ದಶಾಂಶ ಘಟಕದ ಸ್ವಭಾವ ಏನೆಂದರೆ ಒಂದು ಸಂಕಲನದ ಉತ್ತರ ಬರೋಕೆ ಮೂರು ಬಡಿತ ಬೇಕು, ಆದರೆ ಅದು ಮುಗಿಯೋ ತನಕ ಕಾಯಬೇಕಿಲ್ಲ, ಮುಂದಿನ ಬಡಿತದಲ್ಲೇ ಇನ್ನೊಂದನ್ನು ಶುರು ಮಾಡಬಹುದು. ಹಾಗೆ ಒಂದರ ಹಿಂದೆ ಒಂದು ತಳ್ಳಬೇಕಾದರೆ ಸ್ಟ್ಯಾಕ್‌ನಲ್ಲಿ ಒಂದರ ಮೇಲೊಂದು ಪೇರಿಸಿಟ್ಟ ಸಂಖ್ಯೆಗಳನ್ನು ಆಗಾಗ ಅದಲುಬದಲು ಮಾಡುತ್ತಿರಬೇಕು. ಅದಕ್ಕೆ ಎಫ್‌ಎಕ್ಸ್‌ಸಿಎಚ್ ಅನ್ನೋ ಸೂಚನೆ. ಪೆಂಟಿಯಂನಲ್ಲಿ ಇದು ಪಕ್ಕದ ಸೂಚನೆಯ ಜೊತೆ ಜೋಡಿಯಾಗಿ ಪುಕ್ಕಟೆ ಮುಗಿಯುತ್ತದೆ. ಹಾಗಾಗಿ ಕ್ವೇಕ್ ಕೋಡ್ ತುಂಬಾ ಎಫ್‌ಎಕ್ಸ್‌ಸಿಎಚ್. ಸೈರಿಕ್ಸ್‌ನಲ್ಲಿ ದಶಾಂಶ ಘಟಕ ಒಂದು ಲೆಕ್ಕ ಮುಗಿಸಿಯೇ ಇನ್ನೊಂದನ್ನು ಹಿಡಿಯುತ್ತದೆ, ಅದಲುಬದಲು ಪುಕ್ಕಟೆಯೂ ಅಲ್ಲ. ಪೆಂಟಿಯಂನಲ್ಲಿ ಸಮಯ ಉಳಿಸೋಕೆ ಹಾಕಿದ ಪ್ರತಿ ಸೂಚನೆ ಇಲ್ಲಿ ಹೆಚ್ಚುವರಿ ಕೆಲಸ ಆಯಿತು. ಪಿ166+ ಅಂತ ಹೆಸರಿದ್ದ ಚಿಪ್ ಈ ಆಟದಲ್ಲಿ ತನಗಿಂತ ಬಹಳ ಕೆಳಗಿನ ಪೆಂಟಿಯಂಗಳ ಹಿಂದೆ ಬಿತ್ತು.

ಇಲ್ಲಿ ತಪ್ಪು ಯಾರದು? ಆಟ ಬರೆದವರನ್ನು ನಾನು ದೂರಲಾರೆ, ಅವರ ಮುಂದಿದ್ದ ಹೆಚ್ಚಿನ ಪಿಸಿಗಳಲ್ಲಿ ಪೆಂಟಿಯಂ ಇತ್ತು. ಸೈರಿಕ್ಸ್ ಕೂಡ 1995ರ ಲೆಕ್ಕದಲ್ಲಿ ಸರಿಯಾದ ತೀರ್ಮಾನವನ್ನೇ ಮಾಡಿತ್ತು, ಆವತ್ತಿನ ಪ್ರೋಗ್ರಾಂಗಳಲ್ಲಿ ದಶಾಂಶ ಲೆಕ್ಕ ಬಹಳ ಕಡಿಮೆ. ಆದರೆ ಇಂಟೆಲ್ ಚಿಪ್ಪಿನಲ್ಲಿ ಯಾವುದು ಅಗ್ಗವೋ ಅದನ್ನು ಪ್ರೋಗ್ರಾಂಗಳು ಜಾಸ್ತಿ ಬಳಸತೊಡಗುತ್ತವೆ. ಯಾವುದು ದುಬಾರಿಯೋ ಅದನ್ನು ಬಿಡುತ್ತವೆ. ಉಳಿದವರು ಯಾವಾಗಲೂ ಆ ದರಪಟ್ಟಿಯನ್ನೇ ಹಿಂಬಾಲಿಸಬೇಕಾಯಿತು. ಪಿ200+ ಚಿಪ್ ಅಂತೂ 75 ಮೆಗಾಹರ್ಟ್ಸ್ ಬಸ್ ಕೇಳುತ್ತಿತ್ತು, ಆಗಿನ ಬಹುಪಾಲು ಬೋರ್ಡ್‌ಗಳು 66ಕ್ಕೆ ನಿಂತಿದ್ದವು. ಅದೂ ಸಾಲದು ಅಂತ, ತನ್ನ ಹೆಸರು ಹೇಳುವ ಸೂಚನೆಯನ್ನು 6ಎಕ್ಸ್86 ಆಫ್ ಮಾಡಿಕೊಂಡೇ ಬರುತ್ತಿತ್ತು. ಎಷ್ಟೋ ಪ್ರೋಗ್ರಾಂ ಅದನ್ನು 486 ಅಂದುಕೊಂಡವು!

ಕಂಪನಿಯನ್ನು 1997ರಲ್ಲಿ ನ್ಯಾಷನಲ್ ಸೆಮಿಕಂಡಕ್ಟರ್ ಕೊಂಡಿತು, 1999ರಲ್ಲಿ ತೈವಾನ್‌ನ ವಿಯಾಗೆ ಮಾರಿತು.

ಹೆಸರಿನ ಮಾತು ಬಂತು. ಸಿಪಿಯುಐಡಿ ಅಂತ ಒಂದು ಸೂಚನೆ ಇದೆ, ಅದನ್ನು ಕೊಟ್ಟರೆ ಚಿಪ್ 12 ಅಕ್ಷರದಲ್ಲಿ ತಾನು ಯಾರು ಅಂತ ಹೇಳುತ್ತದೆ. ಇಂಟೆಲ್ ಹೇಳೋದು ‘ಜೆನ್ಯುಯಿನ್‌ಇಂಟೆಲ್’. ಸೈರಿಕ್ಸ್ ಹೇಳೋದು ‘ಸೈರಿಕ್ಸ್‌ಇನ್‌ಸ್ಟೆಡ್’. ನೆಕ್ಸ್‌ಜೆನ್‌ದು ‘ನೆಕ್ಸ್‌ಜೆನ್‌ಡ್ರಿವನ್’. ರೈಸ್ ಅನ್ನೋ ಕಂಪನಿಗೆ ಹೊಳೆದದ್ದು ‘ರೈಸ್‌ರೈಸ್‌ರೈಸ್’, ಇಂಗ್ಲಿಷ್‌ನಲ್ಲಿ ನಾಲ್ಕಕ್ಷರದ ಹೆಸರು, ಮೂರು ಸಲ ಹೇಳಿದರೆ ಲೆಕ್ಕ ಸರಿಹೋಯಿತು. ಸೆಂಟಾರ್‌ದು ‘ಸೆಂಟಾರ್‌ಹಾಲ್ಸ್’.

ಸೆಂಟಾರ್ ಅಂದರೆ ಮೊದಲು ಐಬಿಎಂನಲ್ಲಿ, ಆಮೇಲೆ ಡೆಲ್‌ನಲ್ಲಿ ಇದ್ದ ಗ್ಲೆನ್ ಹೆನ್ರಿ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ಕಟ್ಟಿದ ಸಣ್ಣ ತಂಡ. 1997ರಲ್ಲಿ ವಿನ್‌ಚಿಪ್ ತಂದರು. ಎಲ್ಲರೂ ಚಿಪ್ಪನ್ನು ಜಟಿಲ ಮಾಡುತ್ತಾ ಹೋಗುತ್ತಿದ್ದಾಗ ಇವರು ಸರಳ ಯಂತ್ರ, ದೊಡ್ಡ ಕ್ಯಾಶ್, ಸಣ್ಣ ಚಿಪ್, ಕಡಿಮೆ ಬೆಲೆ ಅಂತ ಹೊರಟರು. ಇವರಿಗೂ ಒಂದು ವಿಚಿತ್ರ ಪೆಟ್ಟು ಬಿತ್ತು. 8 ಬೈಟ್ ಹೋಲಿಸಿ ಬದಲಿಸುವ ಒಂದು ಸೂಚನೆ ಇದೆ. ವಿಂಡೋಸ್ ಎನ್‌ಟಿಯಲ್ಲಿ ಒಂದು ದೋಷ ಇತ್ತು: ಅದಕ್ಕೆ ಪರಿಚಯ ಇಲ್ಲದ ಕಂಪನಿಯ ಚಿಪ್ ಆ ಸೂಚನೆ ತನ್ನಲ್ಲಿದೆ ಅಂತ ಹೇಳಿಕೊಂಡರೆ ತೊಂದರೆ ಆಗುತ್ತಿತ್ತು. ಅದಕ್ಕೆ ಸೆಂಟಾರ್, ರೈಸ್ ಎಲ್ಲ ಏನು ಮಾಡಿದರು ಗೊತ್ತಾ? ಸೂಚನೆ ಇಟ್ಟುಕೊಂಡೇ ಇಲ್ಲ ಅಂತ ಹೇಳಿದರು. ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ಹಳೆ ಕೋಡ್ ತೆಗೆದು ನೋಡಿ, ಈ ಚಿಪ್‌ಗಳಿಗೆ ಅಂತ ಆ ಮುಚ್ಚಿಟ್ಟ ಸೂಚನೆಯನ್ನು ಮತ್ತೆ ತೋರಿಸುವ ಸಾಲುಗಳಿವೆ.

ಸೆಂಟಾರನ್ನೂ ವಿಯಾ ಕೊಂಡಿತು. ಅಲ್ಲಿಂದ 2008ರಲ್ಲಿ ನ್ಯಾನೋ ಬಂತು. ನ್ಯಾನೋದಲ್ಲಿ ಆ 12 ಅಕ್ಷರವನ್ನು ಬದಲಿಸಬಹುದಿತ್ತು. ಒಂದು ತಂತ್ರಜ್ಞಾನ ಸುದ್ದಿತಾಣ ಅದನ್ನು ‘ಜೆನ್ಯುಯಿನ್‌ಇಂಟೆಲ್’ ಅಂತ ಬದಲಿಸಿ, ಆಗ ಎಲ್ಲರೂ ಬಳಸುತ್ತಿದ್ದ ಒಂದು ವೇಗಪರೀಕ್ಷೆಯನ್ನು ಮತ್ತೆ ಓಡಿಸಿತು. ಮೆಮೊರಿಯ ಅಂಕ ಸುಮಾರು 47 ಪ್ರತಿಶತ ಮೇಲೇರಿತು. ಚಿಪ್ ಅದೇ, ಬೋರ್ಡ್ ಅದೇ, ಹೆಸರು ಮಾತ್ರ ಬೇರೆ. ಹೆಸರು ನೋಡಿ ದಾರಿ ಆರಿಸುವ ಪ್ರೋಗ್ರಾಂ, ಅಪರಿಚಿತರಿಗೆ ನಿಧಾನದ ದಾರಿ ತೋರಿಸುತ್ತಿತ್ತು. ಇಂಟೆಲ್‌ನ ಕಂಪೈಲರ್ (ಬರೆದ ಪ್ರೋಗ್ರಾಂ ಅನ್ನು ಚಿಪ್ಪಿನ ಸೂಚನೆಗಳಾಗಿ ಬದಲಿಸುವ ಸಾಧನ) ಬಗ್ಗೆಯೂ ಇದೇ ದೂರು ಇತ್ತು. 2010ರಲ್ಲಿ ಅಮೆರಿಕದ ವ್ಯಾಪಾರ ಆಯೋಗದ ಜೊತೆ ಇಂಟೆಲ್ ಮಾಡಿಕೊಂಡ ಒಪ್ಪಂದದಲ್ಲಿ, ಕಂಪೈಲರ್ ಬೇರೆಯವರ ಚಿಪ್‌ಗೆ ಅದೇ ಥರ ಕೆಲಸ ಮಾಡದೇ ಇರಬಹುದು ಅಂತ ಗ್ರಾಹಕರಿಗೆ ಬಾಯಿಬಿಟ್ಟು ಹೇಳಬೇಕು ಅನ್ನೋ ಷರತ್ತು ಸೇರಿತು.

ಇಷ್ಟು ಹೇಳಿದಮೇಲೆ ಸಭೆಯಲ್ಲಿ ಒಬ್ಬರು ಕೇಳಿದರು, ಇವರಲ್ಲಿ ಯಾರಾದರೂ ಇನ್ನೂ ಬದುಕಿದ್ದಾರಾ ಅಂತ. ಇದ್ದಾರೆ. ವಿಯಾದ ಪಾಲುದಾರಿಕೆಯಲ್ಲಿ ಶಾಂಘೈನಲ್ಲಿ ಶುರುವಾದ ಝಾವೋಕ್ಸಿನ್ ಇದೆ. ರೈಸ್‌ನ ವಿನ್ಯಾಸ ಕೈಯಿಂದ ಕೈಗೆ ಹೋಗಿ ವೋರ್ಟೆಕ್ಸ್86 ಅಂತ ಕಾರ್ಖಾನೆ ಯಂತ್ರಗಳ ಒಳಗೆ ಕೂತಿದೆ. ಆ ವೋರ್ಟೆಕ್ಸ್‌ಗೆ ಆದದ್ದು ಕೇಳಿ. 2018ರಲ್ಲಿ ಮೆಲ್ಟ್‌ಡೌನ್, ಸ್ಪೆಕ್ಟರ್ ದೋಷಗಳು ಹೊರಬಿದ್ದವು. ಮುಂದಿನ ಸೂಚನೆಯನ್ನು ಊಹಿಸಿ ಮೊದಲೇ ಓಡಿಸುವ ಚಿಪ್‌ಗಳ ದೋಷ ಅದು. ಲಿನಕ್ಸ್ ಅದಕ್ಕೆ ಮದ್ದು ಹಾಕಿತು, ಮದ್ದಿನಿಂದ ವೇಗ ಸ್ವಲ್ಪ ಇಳಿಯುತ್ತದೆ. ಹೆಸರು ಗೊತ್ತಿಲ್ಲದ ಚಿಪ್ ಆದರೆ ದೋಷ ಇದೆ ಅಂತಲೇ ಹಿಡಿದು ಮದ್ದು ಹಾಕುತ್ತಿತ್ತು. ವೋರ್ಟೆಕ್ಸ್ ಸೂಚನೆಗಳನ್ನು ಸಾಲಾಗಿ ಒಂದಾದಮೇಲೆ ಒಂದು ಓಡಿಸುವ ಚಿಪ್, ಊಹೆಯ ಮಾತೇ ಇಲ್ಲ ಅಂತ ಅದನ್ನು ಮಾಡುವವರು ಹೇಳುತ್ತಾರೆ. ಇಲ್ಲದ ರೋಗಕ್ಕೆ ಅದು ಮದ್ದು ಕುಡಿಯುತ್ತಾ ಇತ್ತು. 2021ರಲ್ಲಿ ಅದರ 12 ಅಕ್ಷರಗಳನ್ನು ಲಿನಕ್ಸ್‌ನ ಪಟ್ಟಿಗೆ ಸೇರಿಸಿದಮೇಲೆ ಅದು ನಿಂತಿತು.